ದೀಪವಿಲ್ಲದ ರಾತ್ರಿಗಳು

ನಮ್ಮ ಬಹಾಯಿ ಧರ್ಮಕ್ಕೆ ದಾರಿ ಮಾಡಿಕೊಟ್ಟ ಇರಾನಿನ ಪ್ರವಾದಿ ಬಾಬ್ ಅವರ ಬಲಿದಾನದ ದಿನ ಮಧ್ಯಾಹ್ನ ನಾವೆಲ್ಲ ಇಸ್ರೇಲಿನಲ್ಲಿರುವ ನಮ್ಮ ಪವಿತ್ರ ನಗರ ಅಕ್ಕಾದ ದಿಕ್ಕಿಗೆ ಮುಖ ಮಾಡಿ ನಿಂತೆವು. ಪ್ರಾರ್ಥನೆ ಮುಗಿದರೂ ನನಗೆ ಕೂರಲು ಮನಸ್ಸು ಬರಲಿಲ್ಲ. ಈ ಸಲ ಯಾಕೋ ಅವರನ್ನು ಕೊಂದ ತಬ್ರೀಜ್ ನಗರದ ಬಂದೂಕುಗಳಿಗಿಂತ ಅವರು ಸೆರೆಯಲ್ಲಿದ್ದ ಮಾಕು ಕೋಟೆಯ ಕತ್ತಲೆಯೇ ಜಾಸ್ತಿ ಕಾಡಿತು.

1847ರಲ್ಲಿ ಅವರನ್ನು ಇರಾನಿನ ವಾಯವ್ಯ ಮೂಲೆಯ ಆ ಬೆಟ್ಟದ ಕೋಟೆಗೆ ತಳ್ಳಿದರು. ರಾತ್ರಿ ಹೊತ್ತು ಒಂದು ದೀಪವೂ ಇರಲಿಲ್ಲ. ಅದನ್ನು ಅವರೇ ಬರೆದಿದ್ದಾರೆ. ನಮ್ಮ ದೊಡ್ಡಮ್ಮ ಈ ಕಥೆ ಹೇಳುವಾಗ ಎದ್ದು ಹೋಗಿ ಲೈಟ್ ಆರಿಸುತ್ತಿದ್ದರು. ಮಕ್ಕಳೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದೆವು. ಎಷ್ಟು ಹೊತ್ತಾದರೂ ಅವರು ಲೈಟ್ ಹಾಕುತ್ತಿರಲಿಲ್ಲ. "ಕಾವಲಿನ ಅಲಿ ಖಾನನೇ ಕರಗಿಹೋದ ಕಣ್ರೋ, ಯಾರನ್ನೂ ಬಿಡದವನು ಭಕ್ತರಿಗೆ ಬಾಗಿಲು ತೆರೆದ" ಅನ್ನುವಾಗ ಅವರ ದನಿ ನಡುಗುತ್ತಿತ್ತು. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಕರಗಿದವನು ಅವನೊಬ್ಬನೇ ಅಲ್ಲ. 1850ರ ಜುಲೈ 9ರಂದು ಗುಂಡು ಹಾರಿಸಬೇಕಿದ್ದ ಪಡೆಯ ನಾಯಕ ಸಾಮ್ ಖಾನ್, ಈ ಪಾಪದಿಂದ ನನ್ನನ್ನು ಬಿಡಿಸಿ ಎಂದು ಬಾಬ್ ಅವರನ್ನೇ ಬೇಡಿಕೊಂಡ. ನಿನ್ನ ಮನಸ್ಸು ಶುದ್ಧವಾಗಿದ್ದರೆ ದೇವರು ದಾರಿ ತೋರುತ್ತಾನೆ ಎಂದರು ಬಾಬ್. ಕೊಲ್ಲಲು ಬಂದವನಿಗೇ ಸಮಾಧಾನ! ಪಡೆ ಗುಂಡು ಹಾರಿಸಿತು. ಹೊಗೆ ಕರಗಿದಾಗ ಅವರನ್ನು ಕಟ್ಟಿದ್ದ ಹಗ್ಗ ಮಾತ್ರ ಹರಿದಿತ್ತು, ಅವರಿಗೆ ಏನೂ ಆಗಿರಲಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಸಾಮ್ ಖಾನ್ ತನ್ನ ಪಡೆಯೊಂದಿಗೆ ಹೊರಟುಹೋದ. ಆ ಕೆಲಸ ಮುಗಿಸಲು ಇನ್ನೊಂದು ಪಡೆ ಬಂತು. ಬಾಬ್ ಅವರಿಗೆ ಆಗ ಬರೀ 30 ವರ್ಷ.

ಒಂದು ಕಹಿ ವಿಷಯವನ್ನೂ ಮುಚ್ಚಿಡಬಾರದು. 1852ರಲ್ಲಿ ದುಃಖದಿಂದ ಬುದ್ಧಿಗೆಟ್ಟ ಕೆಲವು ಬಾಬಿಗಳು, ಅಂದರೆ ಬಾಬ್ ಅವರ ಅನುಯಾಯಿಗಳು, ಇರಾನಿನ ದೊರೆ ಶಾಹನ ಮೇಲೆ ಗುಂಡು ಹಾರಿಸಿದರು. ಅವನು ಬದುಕಿಕೊಂಡ. ಆಮೇಲೆ ನಡೆದ ಕ್ರೌರ್ಯದಲ್ಲಿ ಬಾಬಿ ಕವಯಿತ್ರಿ ತಾಹಿರೆಯೂ ಸೇರಿ ಎಷ್ಟೋ ಅಮಾಯಕರ ಪ್ರಾಣ ಹೋಯಿತು. ಮುಂದೆ ಬಹಾಯಿ ಧರ್ಮ ಸ್ಥಾಪಿಸಿದ, ಯಾವ ತಪ್ಪೂ ಮಾಡದ ಬಹಾಉಲ್ಲಾ ಅವರ ಕೊರಳಿಗೆ ಸರಪಳಿ ಬಿಗಿದು, ತೆಹ್ರಾನಿನ ಸಿಯಾಹ್ ಚಾಲ್ ಎಂಬ ನೆಲದಡಿಯ ಸೆರೆಯಲ್ಲಿ ನಾಲ್ಕು ತಿಂಗಳು ಇಟ್ಟರು. ಅಲ್ಲಿ ಕೂತು ಅವರು ಯೋಚಿಸಿದ್ದು ಬಾಬಿಗಳ ನಡತೆಯನ್ನು ತಿದ್ದುವುದು ಹೇಗೆ ಎಂದು! ಕೊಲ್ಲುವುದಕ್ಕಿಂತ ಕೊಲೆಯಾಗುವುದೇ ಮೇಲು ಎಂದು ಮುಂದೆ ಕಲಿಸಿದರು. ಸೇಡಿಗೆ ಅವರಿಗಿಂತ ಹೆಚ್ಚು ಕಾರಣ ಯಾರಿಗಿತ್ತು ಹೇಳಿ?

ಬಾಬ್ ಅವರ ದೇಹವನ್ನು ಭಕ್ತರು ದಶಕಗಳ ಕಾಲ ಗುಟ್ಟಾಗಿ ಕಾಪಾಡಿದರು. 1909ರ ನೌರೋಜ್ ದಿನ, ಅಂದರೆ ನಮ್ಮ ಹೊಸ ವರ್ಷದ ದಿನ, ಹೈಫಾದ ಕಾರ್ಮೆಲ್ ಬೆಟ್ಟದಲ್ಲಿ, ಒಂದೇ ಒಂದು ದೀಪದ ಬೆಳಕಿನಲ್ಲಿ, ಬಹಾಉಲ್ಲಾ ಅವರ ಮಗ ಅಬ್ದುಲ್ ಬಹಾ ಅವರು ತಮ್ಮ ಕೈಯಾರೆ ಸಮಾಧಿ ಮಾಡಿ ಬಿಕ್ಕಿ ಬಿಕ್ಕಿ ಅತ್ತರು. ಈಗ ಅಲ್ಲಿ ರಾತ್ರಿ ಹೊತ್ತು ದೀಪಗಳೋ ದೀಪ.

ಆದರೆ ಈ ಸಲ ಪ್ರಾರ್ಥನೆಗೆ ಬಂದವರು ಕಡಿಮೆ. ಇದು ಕೆಲಸ ನಿಲ್ಲಿಸಬೇಕಾದ ದಿನ ಅಂತ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೇಳುವುದೇ ಇಲ್ಲ. ಸಂಜೆ ಆನ್‌ಲೈನ್‌ನಲ್ಲಿ ಸೇರಿದರಾಯ್ತು ಅಂತಾರೆ. ಬಾಬ್ ಅವರ ಎದೆಗೆ ಗುಂಡು ಬಿದ್ದಿದ್ದು ಮಧ್ಯಾಹ್ನ ಅಲ್ವಾ? ಮುಂದಿನ ವರ್ಷ ಆ ಹೊತ್ತಿಗೇ ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ. ಸಾಮ್ ಖಾನನ ಕಥೆ ನಾನೇ ಹೇಳುತ್ತೇನೆ.