ತಕ್ಕಡಿ ಹಿಡಿದು ಬಂದ ಆಶಕ್ಕ

ನನ್ನ ಬಾಣಂತನ ತವರಲ್ಲಿ, ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ. ಮಗುವಿಗೆ ಏಳು ದಿನ. ಬೆಳಿಗ್ಗೆಯೇ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಬಂದರು. ನಾವೆಲ್ಲ ಕರೆಯೋದು ಆಶಕ್ಕ ಅಂತಲೇ. ಕೈ ತೊಳೆದುಕೊಂಡರು, ಮಗುವನ್ನು ತಕ್ಕಡಿಯ ಜೋಲಿಯಲ್ಲಿ ಮಲಗಿಸಿ ತೂಕ ಮಾಡಿದರು, ಜ್ವರ ನೋಡಿದರು. ಅಷ್ಟರಲ್ಲಿ ನಮ್ಮಜ್ಜಿ ಹೊಕ್ಕುಳಿಗೆ ಹಚ್ಚೋಕೆ ಹರಳೆಣ್ಣೆ, ಅರಿಶಿನ ಹಿಡಿದು ಬಂದರು.

"ಅಜ್ಜಿ, ಹೊಕ್ಕುಳಿಗೆ ಏನೂ ಹಚ್ಚಬೇಡಿ. ಒಣಗಿರಲಿ, ತಾನಾಗೇ ಬೀಳುತ್ತೆ."

"ಐದು ಮಕ್ಕಳನ್ನ ಹೆತ್ತಿದ್ದೀನಿ ಕಣಮ್ಮ, ನಂಗೇ ಹೇಳ್ತೀಯಾ?"

"ಅದಕ್ಕೇ ನಿಮಗೆ ಹೇಳ್ತಿರೋದು. ನೀವು ಒಪ್ಪಿದರೆ ಬೀದಿಯೇ ಒಪ್ಪುತ್ತೆ."

ಅಜ್ಜಿ ಬಟ್ಟಲನ್ನು ಒಳಗಿಟ್ಟರು. ಇದೇ ಮಾತನ್ನು ನಾನು ಎರಡು ದಿನದಿಂದ ಹೇಳುತ್ತಿದ್ದೆ. ನನ್ನ ಮಾತಿಗೆ ಬೆಲೆಯೇ ಇರಲಿಲ್ಲ ಬಿಡಿ.

ಹೀಗೆ 42 ದಿನದೊಳಗೆ ಅವರು ಆರು ಸಲ ಬರಬೇಕು. ಸುಮಾರು 1000 ಜನಕ್ಕೆ ಒಬ್ಬರು. ಆದರೂ ಸರ್ಕಾರಿ ನೌಕರಿ ಅಲ್ಲ, ಒಂದೊಂದು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ಖಚಿತ ಗೌರವಧನ ಕೇಳಿ ಹಗಲು ರಾತ್ರಿ ಕೂತಿದ್ದರಲ್ಲ, ನಮ್ಮ ಆಶಕ್ಕನೂ ಅಲ್ಲಿದ್ದರಂತೆ.

"ಚಳಿ ಜಾಸ್ತಿ ಇತ್ತು" ಅಂದರು, ತಾಯಿ ಕಾರ್ಡಿನಲ್ಲಿ ಬರೆಯುತ್ತಾ. ಕಾಫಿ ಬೇಡ ಅಂದರು. ಇನ್ನೂ ಮೂರು ಮನೆ ಬಾಕಿ ಇತ್ತು.