ನಿಪ್ಪಲ್ ಕೆಳಗಿತ್ತು

ಬ್ರೇಕಿನ ಗಾಳಿ ತೆಗೆಯಲು ಹಾಕಿದ್ದ ಪೈಪಿನಲ್ಲಿ ಒಂದು ಗುಳ್ಳೆಯೂ ಬರುತ್ತಿರಲಿಲ್ಲ. ಎರಡು ದಿನ ನಾನು ದಾರಿ ತಪ್ಪಿದ್ದು ಅಲ್ಲೇ.

ಗಾಡಿ 2.0 ಟರ್ಬೊ ಪೆಟ್ರೋಲ್ ಸೆಡಾನ್, ಸ್ಟೇಜ್ 2 ಮ್ಯಾಪ್ (ಪವರ್ ಹೆಚ್ಚಿಸುವ ಎಂಜಿನ್ ಟ್ಯೂನಿಂಗ್) ಆಗಿದ್ದು. ಶನಿವಾರ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ಕಸ್ಟಮರ್‌ಗೆ ಟ್ರ್ಯಾಕ್ ಡೇ ಇತ್ತು. 3.7 ಕಿಲೋಮೀಟರ್‌ನ ಲ್ಯಾಪ್. ಹಿಂದಿನ ಸಲ ಹೋದಾಗ ನಾಲ್ಕನೇ ಲ್ಯಾಪಿಗೇ ಬ್ರೇಕ್ ಪೆಡಲ್ ನೆಲ ಮುಟ್ಟಿತ್ತಂತೆ. ಬ್ರೇಕ್ ಆಯಿಲ್ ಚೆಕ್ ಮಾಡಿದರೆ ಟೀ ಡಿಕಾಕ್ಷನ್ ಬಣ್ಣ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿ ಹೀರಿ ನೀರಿನಂಶ 3.7 ಪರ್ಸೆಂಟ್ ಮುಟ್ಟಿತೆಂದರೆ 155ಕ್ಕೇ ಕುದಿಯಬಹುದು. ಆಯಿಲ್ ಆವಿಯಾದ ಮೇಲೆ ಪೆಡಲ್ ತುಳಿದರೆ ಒತ್ತುವುದು ಆವಿಯನ್ನು, ಪ್ಯಾಡನ್ನಲ್ಲ.

ಆಯಿಲ್ ಬದಲಾಯಿಸಿ, ಒಳ್ಳೆಯ ಪ್ಯಾಡ್ ಹಾಕಿ, ಒಂದು ಟ್ರ್ಯಾಕ್ ಡೇ ನೋಡಿ ಅಂತ ನಾನು ಹೇಳಿದ್ದೆ. ದೊಡ್ಡ ಡಿಸ್ಕ್ ಹಾಕಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ, ನಿಲ್ಲಿಸುವುದು ಟೈರ್. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವಷ್ಟು ಗಟ್ಟಿಯಾಗಿ ಗಾಡಿಯ ಜೊತೆ ಬಂದ ಸ್ಟಾಕ್ ಬ್ರೇಕೂ ಹಿಡಿಯುತ್ತದೆ. ದೊಡ್ಡ ಡಿಸ್ಕ್ ಬೇಕಾಗುವುದು ಹತ್ತನೇ ಸಲ ತುಳಿದಾಗಲೂ ಮೊದಲ ಸಲದ ಹಾಗೇ ಹಿಡಿಯಲಿ ಅಂತ. ಆದರೆ ಅವರು ಆಗಲೇ ಸೆಕೆಂಡ್ ಹ್ಯಾಂಡ್ ಫೋರ್ ಪಾಟ್ ಕ್ಯಾಲಿಪರ್ (ನಾಲ್ಕು ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), 340 ಎಂಎಂ ಡಿಸ್ಕ್, ಬ್ರೇಡೆಡ್ ಹೋಸ್ ತಂದು ಡಿಕ್ಕಿಯಲ್ಲಿಟ್ಟಿದ್ದರು. ಕ್ಯಾಲಿಪರ್‌ಗೆ ಹೊಸದಾಗಿ ಹಳದಿ ಪೇಂಟ್ ಹೊಡೆಸಿ, ಅದರ ಮೇಲೆ ಕಂಪನಿ ಹೆಸರಿನ ಸ್ಟಿಕ್ಕರ್ ಬೇರೆ ಅಂಟಿಸಿದ್ದರು.

ಬುಧವಾರ ಫಿಟಿಂಗ್. ಬ್ರಾಕೆಟ್ ಪೀಣ್ಯದಲ್ಲಿ ಮಾಡಿಸಿದ್ದು ಸರಿಯಾಗಿ ಕೂತಿತು. ಚಕ್ರದ ಕಡ್ಡಿಗೂ ಕ್ಯಾಲಿಪರ್‌ಗೂ ಎಷ್ಟು ಗ್ಯಾಪ್ ಇದೆ ಅಂತ ಮಕ್ಕಳಾಟದ ಜೇಡಿ ಅಂಟಿಸಿ ತಿರುಗಿಸಿ ನೋಡಿದೆವು, ಅದೂ ಸರಿ. ಯಾವ ಕ್ಯಾಲಿಪರ್ ಎಡಕ್ಕೆ, ಯಾವುದು ಬಲಕ್ಕೆ ಅನ್ನುವುದನ್ನು ನಾನು ಸ್ಟಿಕ್ಕರ್ ನೋಡಿ ತೀರ್ಮಾನಿಸಿದೆ. ಅಕ್ಷರ ನೆಟ್ಟಗೆ ಓದಲು ಬಂದರೆ ಅದೇ ಸೈಡ್. ಹದಿನಾಲ್ಕು ವರ್ಷದಿಂದ ಬ್ರೇಕ್ ಕೆಲಸ ಮಾಡುತ್ತಿರುವ ನಾನು, ಒಬ್ಬ ಪೇಂಟರ್ ಅಂಟಿಸಿದ ಸ್ಟಿಕ್ಕರನ್ನು ನಂಬಿದೆ.

ಬ್ಲೀಡಿಂಗ್ ಶುರು ಮಾಡಿದೆವು, ಅಂದರೆ ಕ್ಯಾಲಿಪರ್‌ನ ನಿಪ್ಪಲ್‌ಗೆ (ಗಾಳಿ ಬಿಡುವ ಸಣ್ಣ ಮೂತಿ) ಪೈಪ್ ಸಿಕ್ಕಿಸಿ, ಸಡಿಲಿಸಿ ಒಳಗಿನ ಗಾಳಿ ತೆಗೆಯುವುದು. ಹೆಲ್ಪರ್ ಹುಡುಗ ಸೀಟಿನಲ್ಲಿ, ನಾನು ಕೆಳಗೆ. ಪಂಪ್ ಮಾಡು, ಹಿಡ್ಕೋ, ಬಿಡು. ಮೊದಲು ಸ್ವಲ್ಪ ಗಾಳಿ ಬಂತು, ಆಮೇಲೆ ಪೈಪಿನಲ್ಲಿ ಸೋಸಿದ ಎಣ್ಣೆಯ ಹಾಗೆ ಬರೀ ಆಯಿಲ್. ಎಂಜಿನ್ ಆಫ್ ಇದ್ದಾಗ ಪೆಡಲ್ ಪರವಾಗಿಲ್ಲ. ಆನ್ ಮಾಡಿದರೆ ಮೆತ್ತಗೆ, ಒದ್ದೆ ಬಟ್ಟೆ ತುಳಿದ ಹಾಗೆ. ಎರಡು ಸಲ ಪಂಪ್ ಮಾಡಿದರೆ ಮೇಲೆ ಬರುತ್ತಿತ್ತು.

ಎರಡು ಸಲ ಪಂಪ್ ಮಾಡಿದರೆ ಪೆಡಲ್ ಮೇಲೆ ಬರುತ್ತದೆಂದರೆ ಒಳಗೆ ಗಾಳಿ ಇರಬಹುದು ಅಂತ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಪೈಪ್ ಕ್ಲೀನ್ ಆಗಿ ಕಾಣುತ್ತಿದ್ದುದರಿಂದ ಕ್ಯಾಲಿಪರ್ ಮೇಲೆ ಸಂಶಯವೇ ಬರಲಿಲ್ಲ. ಗಾಳಿ ಎಬಿಎಸ್ ಪಂಪಿನಲ್ಲಿ ಸೇರಿಕೊಂಡಿದೆ ಅಂದುಕೊಂಡೆ. ಅದನ್ನು ತೆಗೆಯಲು ಸ್ಕ್ಯಾನರ್ ಬೇಕು. ನಮ್ಮ ಸ್ಕ್ಯಾನರ್‌ನ ಸಬ್‌ಸ್ಕ್ರಿಪ್ಷನ್ ಮುಗಿದು ಐದು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಗ್ಯಾರೇಜ್ ಓನರ್‌ದು ಒಂದೇ ಮಾತು, ಮುಂದಿನ ತಿಂಗಳು ನೋಡೋಣ. ರಿಸೆಪ್ಷನ್‌ಗೆ ಗ್ಲಾಸ್ ಪಾರ್ಟಿಷನ್ ಹಾಕಿಸಲು ಮಾತ್ರ ದುಡ್ಡಿತ್ತು. ಗುರುವಾರ ಮಧ್ಯಾಹ್ನ ಪಕ್ಕದ ಗ್ಯಾರೇಜಿಗೆ ಹೋಗಿ, ಕೈಮುಗಿದು ಅವರ ಸ್ಕ್ಯಾನರ್ ತಂದೆ. ಅದರಿಂದ ಎಬಿಎಸ್ ಪಂಪ್ ಓಡಿಸಿ ಮೂರು ಲೀಟರ್ ಆಯಿಲ್ ಹರಿಸಿದರೂ ಪೆಡಲ್ ಹಾಗೇ ಇತ್ತು.

ಆವಾಗ ಹುಡುಗ ಅಂದ, "ಅಣ್ಣಾ, ಗಾಳಿ ಮ್ಯಾಲೇ ಇರ್ತೈತಲ್ರೀ? ನಿಪ್ಪಲ್ ಕೆಳಗೈತಿ." ಗದಗ ಕಡೆಯವನು, ಬಂದು ಎಂಟು ತಿಂಗಳಾಗಿತ್ತು. ನಾನು ತಲೆ ಎತ್ತಿಯೂ ನೋಡಲಿಲ್ಲ. "ಫೋರ್ ಪಾಟ್ ಹಂಗೇ ಇರೋದು, ನೀನು ಬಾಟಲ್ ಹಿಡಿ" ಅಂದುಬಿಟ್ಟೆ. ಅವನು ಬಾಟಲ್ ಹಿಡಿದ.

ಆ ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಹಳೇ ಕ್ಯಾಲಿಪರ್‌ದು 54 ಎಂಎಂ ಒಂದೇ ಪಿಸ್ಟನ್, ಸುಮಾರು 2290 ಚದರ ಎಂಎಂ. ಹೊಸದರಲ್ಲಿ ಒಂದು ಕಡೆಗೆ 38, 42ರ ಎರಡು ಪಿಸ್ಟನ್, ಸೇರಿ ಸುಮಾರು 2520. ಹತ್ತು ಪರ್ಸೆಂಟ್ ಜಾಸ್ತಿ. ಹಾಗಾದರೆ ಪೆಡಲ್ ಸ್ವಲ್ಪ ಉದ್ದ ಹೋಗುವುದು ಸಹಜ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೆಕ್ಕ ಸರಿಯೇ ಇತ್ತು. ಆದರೆ ಹತ್ತು ಪರ್ಸೆಂಟಿಗೆ ಪೆಡಲ್ ಅಷ್ಟು ಕೆಳಗೆ ಹೋಗುವುದಿಲ್ಲ. ಅದನ್ನು ಯೋಚಿಸಲು ನನಗೆ ಮನಸ್ಸಿರಲಿಲ್ಲ, ಶುಕ್ರವಾರ ಸಂಜೆ ಡೆಲಿವರಿ ಅಂತ ನಮ್ಮ ಸರ್ವಿಸ್ ಅಡ್ವೈಸರ್ ಆಗಲೇ ಕಸ್ಟಮರ್‌ಗೆ ಮೆಸೇಜ್ ಕಳಿಸಿಯಾಗಿತ್ತು.

ಶುಕ್ರವಾರ ಬೆಳಗ್ಗೆ ಆರೂವರೆಗೆ ಟೆಸ್ಟ್ ಡ್ರೈವ್. ಪಕ್ಕದ ಸೀಟಿನಲ್ಲಿ ಹುಡುಗ. ಗೇಟಿನ ಹತ್ತಿರ ಒಂದು ಸಲ, ತಿರುವಿನಲ್ಲಿ ಒಂದು ಸಲ ತುಳಿದೆ, ಹಿಡಿಯಿತು. ಇಂಡಸ್ಟ್ರಿಯಲ್ ಏರಿಯಾದ ಉದ್ದ ರಸ್ತೆ ಖಾಲಿ ಇತ್ತು. ಅರವತ್ತಕ್ಕೆ ತಂದೆ. ಮುಂದೆ ಎಡಗಡೆ ಗೇಟಿನಿಂದ ಒಂದು ಟಾಟಾ ಏಸ್ ರಿವರ್ಸ್‌ನಲ್ಲಿ ರಸ್ತೆಗೆ ಇಳಿಯಿತು. ಬ್ರೇಕ್ ತುಳಿದೆ. ಕಾಲು ಕೆಳಗೆ ಹೋಗುತ್ತಲೇ ಇತ್ತು. ಬೂಟಿನ ತುದಿಗೆ ಕಾರ್ಪೆಟ್ ತಾಗಿದ್ದು ಈಗಲೂ ನೆನಪಿದೆ. ಬಿಟ್ಟು ಮತ್ತೆ ತುಳಿದೆ, ಇನ್ನೊಮ್ಮೆ ತುಳಿದೆ. ಮೂರನೇ ಸಲ ಹಿಡಿದು, ಟೈರ್ ಕಿರುಚಿ, ಎಬಿಎಸ್ ಕಾಲಿಗೆ ಗಡಗಡ ಬಡಿಯಿತು. ಏಸ್‌ನ ಹಿಂದಿನ ಡಾಲಾ ನಮ್ಮ ಬಾನೆಟ್‌ನಿಂದ ಒಂದು ಮಾರು ದೂರ. ಒಳಗೆ ಹಾಲಿನ ಕ್ರೇಟ್. ಡ್ರೈವರ್ ಇಳಿದು ಬೈಯಲೂ ಇಲ್ಲ, ನಮ್ಮ ಮುಖ ನೋಡಿ ಸುಮ್ಮನಾದ.

ಹುಡುಗ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಿದ್ದ. ಅವನನ್ನು ಕೂರಿಸಿಕೊಂಡು ಹೋಗಿದ್ದು ನಾನು.

ಇಪ್ಪತ್ತರ ಸ್ಪೀಡಿನಲ್ಲಿ ವಾಪಸ್ ಬಂದು, ಗಾಡಿ ಲಿಫ್ಟಿಗೇರಿಸಿ, ಚಕ್ರ ಬಿಚ್ಚಿ, ಈ ಸಲ ಸ್ಟಿಕ್ಕರ್ ಬಿಟ್ಟು ಕ್ಯಾಲಿಪರ್ ನೋಡಿದೆ. ಎರಡು ಭಾಗವನ್ನು ಸೇರಿಸುವ ಸಣ್ಣ ಪೈಪ್ ಮೇಲಿತ್ತು, ನಿಪ್ಪಲ್ ಕೆಳಗಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಗಾಳಿ ಮೇಲೆ ಆರಾಮಾಗಿ ಕೂತಿತ್ತು, ನಾವು ಕೆಳಗಿನಿಂದ ಒಳ್ಳೆಯ ಆಯಿಲ್ ಚೆಲ್ಲುತ್ತಿದ್ದೆವು. ಪೇಂಟನ್ನು ಥಿನ್ನರ್ ಹಾಕಿ ಉಜ್ಜಿದರೆ ಅಡಿಯಲ್ಲಿ ಡಿಸ್ಕ್ ತಿರುಗುವ ದಿಕ್ಕಿನ ಬಾಣದ ಗುರುತೂ ಸಿಕ್ಕಿತು.

ಬೋಲ್ಟ್ ಬಿಚ್ಚಿ, ಪಿಸ್ಟನ್ ನಡುವೆ ಮರದ ತುಂಡು ಕೊಟ್ಟು, ನಿಪ್ಪಲ್ ಮೇಲೆ ಬರುವ ಹಾಗೆ ಹಿಡಿದೆ. ಹುಡುಗನಿಗೆ ರಬ್ಬರ್ ಹ್ಯಾಮರ್ ಕೊಟ್ಟು ತಟ್ಟಲು ಹೇಳಿ, ಅಡ್ವೈಸರ್‌ನನ್ನೇ ಪೆಡಲ್ ಮೇಲೆ ಕೂರಿಸಿದೆ. ಪೈಪಿನಲ್ಲಿ ಗೊಳಗೊಳ ಅಂತ ಗುಳ್ಳೆ ಬಂತು, ಬೆರಳುದ್ದದ ಗಾಳಿ, ಮತ್ತೆ ಇನ್ನಷ್ಟು. ಸೈಡ್ ಬದಲಿಸಿ ಕೂರಿಸಿ, ಪೂರ್ತಿ ಇನ್ನೊಂದು ಸಲ ಬ್ಲೀಡ್ ಮಾಡಿದಾಗ ಪೆಡಲ್ ಕಲ್ಲಾಯಿತು. ಹುಡುಗನ ಹತ್ತಿರ ಎಲ್ಲರ ಎದುರೇ ಹೇಳಿದೆ, ನೀನು ನಿನ್ನೆಯೇ ಹೇಳಿದ್ದೆ, ತಪ್ಪು ನಂದು ಅಂತ. ಅವನು ನೆಲ ನೋಡಿದ.

ಪ್ಯಾಡ್ ಬೆಡ್ ಮಾಡಲು, ಅಂದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವ ಹಾಗೆ ಮಾಡಲು, ರಾತ್ರಿ ನೈಸ್ ರೋಡಿಗೆ ಒಯ್ದೆ, ಒಬ್ಬನೇ. ಎಂಬತ್ತರಿಂದ ಇಪ್ಪತ್ತಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ, ಆಮೇಲೆ ಬ್ರೇಕ್ ಮುಟ್ಟದೆ ತಣ್ಣಗಾಗುವ ತನಕ ಓಡಿಸಿದೆ. ಗಾಡಿ ಕೊಟ್ಟಾಗ ಹನ್ನೊಂದೂವರೆ. ಏನಾಯಿತೆಂದು ಕಸ್ಟಮರ್‌ಗೆ ಮುಚ್ಚಿಡದೆ ಹೇಳಿದೆ. ಓನರ್‌ಗೆ ಅದು ಹಿಡಿಸಲಿಲ್ಲ, ಎರಡು ದಿನ ಮಾತಾಡಿಸಲಿಲ್ಲ.

ಈಗ ಕ್ಯಾಲಿಪರ್ ಬೆಂಚಿನ ಮೇಲಿರುವಾಗಲೇ ನಿಪ್ಪಲ್ ನೋಡಿ, ಎಲ್/ಆರ್ ಅಂತ ಪೇಂಟ್ ಪೆನ್ನಿನಲ್ಲಿ ನಾನೇ ಬರೆಯುತ್ತೇನೆ. ಬ್ರೇಕ್ ಕೆಲಸದ ಟೆಸ್ಟ್ ಡ್ರೈವ್‌ಗೆ ಪಕ್ಕದಲ್ಲಿ ಯಾರನ್ನೂ ಕೂರಿಸುವುದಿಲ್ಲ. ಸ್ಕ್ಯಾನರ್ ಸಬ್‌ಸ್ಕ್ರಿಪ್ಷನ್ ಇನ್ನೂ ಆಗಿಲ್ಲ. ನಮ್ಮ ಜಾಬ್ ಕಾರ್ಡಿನಲ್ಲಿ ಟೆಕ್ನಿಷಿಯನ್ ಅಂತ ಒಂದೇ ಕಾಲಂ, ಹೆಲ್ಪರ್ ಹೆಸರಿಗೆ ಜಾಗವಿಲ್ಲ, ಇನ್ಸೆಂಟಿವ್ ಕೂಡ ಆ ಕಾಲಂ ನೋಡಿಯೇ ಬರುತ್ತದೆ. ಆ ಗಾಡಿಯ ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಅವನ ಹೆಸರನ್ನು ಪೆನ್ನಿನಲ್ಲಿ ಬರೆದು ಕಳಿಸಿದೆ. ಅಕೌಂಟ್ಸ್‌ನವರು ಹೊಡೆದುಹಾಕಿ ವಾಪಸ್ ಕಳಿಸಿದರು. ನಾನು ಮತ್ತೆ ಬರೆದು ಕಳಿಸಿದ್ದೇನೆ.