ದುರ್ಗದ ಚಳಿಗೆ ಹೂಡಿ

ಡಿಸೆಂಬರ್‌ನಲ್ಲಿ ನಮ್ಮ ಚಿತ್ರದುರ್ಗಕ್ಕೆ ದಪ್ಪ ಸ್ವೆಟರ್‌ಗಿಂತ ಹೂಡಿ, ಅಂದ್ರೆ ಟೋಪಿ ಇರೋ ಸ್ವೆಟ್‌ಶರ್ಟೇ ಸರಿ. ಬೆಳಗ್ಗೆ ಮೈ ಕೊರೆಯೋ ಗಾಳಿ, ಹನ್ನೊಂದಕ್ಕೆಲ್ಲ ಚುರುಗುಟ್ಟೋ ಬಿಸಿಲು. ಜಿಪ್ ಇರೋದಾದ್ರೆ ಇನ್ನೂ ಒಳ್ಳೇದು: ಕೋಟೆ ಹತ್ತಿ ಏಕನಾಥೇಶ್ವರಿ ಗುಡಿ ಹತ್ರ ಬರೋಷ್ಟರಲ್ಲಿ ಬೆವರಿದ್ರೆ ಬಿಚ್ಚಿ ಸೊಂಟಕ್ಕೆ ಕಟ್ಕೊಬಹುದು.

ಕೊಳ್ಳುವಾಗ ಒಳಮಗ್ಗುಲು ತಿರುಗಿಸಿ ನೋಡಿ. ಸಣ್ಣ ಸಣ್ಣ ನೂಲಿನ ಕುಣಿಕೆ ಕಂಡ್ರೆ ಅದು ಫ್ರೆಂಚ್ ಟೆರ್ರಿ, ನಮ್ಮ ಹವೆಗೆ ಹೇಳಿ ಮಾಡಿಸಿದ್ದು. ತುಪ್ಪಳದ ಹಾಗೆ ಮೆತ್ತಗಿದ್ರೆ ಫ್ಲೀಸ್. ಮಧ್ಯಾಹ್ನ ಅದನ್ನ ಹಾಕ್ಕೊಂಡು ಕೂರೋಕಾಗಲ್ಲ. ಭುಜದ ಹೊಲಿಗೆ ಸ್ವಲ್ಪ ಇಳಿದಿರಲಿ, ಕೆಳಗಿನ ಪಟ್ಟಿ ಮಾತ್ರ ಸೊಂಟದಲ್ಲೇ ನಿಲ್ಲಬೇಕು. ಮೇಲೆ ದೊಗಳೆ ಇದ್ರೆ ಕೆಳಗೆ ನೇರ ಜೀನ್ಸ್, ಬಿಳಿ ಶೂ ಸಾಕು. ನನ್ನ ತಂಗಿ ಬೂದು ಸ್ವೆಟ್‌ಶರ್ಟ್ ಒಳಗೆ ಕಾಲರ್ ಶರ್ಟ್ ಹಾಕ್ತಾಳೆ, ಕತ್ತಿನ ಹತ್ರ ಬಿಳಿ ಅಂಚು ಇಣುಕೋದು ತುಂಬಾ ಚೆಂದ.

1930ರ ದಶಕದಲ್ಲಿ ಅಮೆರಿಕದ ಚಾಂಪಿಯನ್ ಕಂಪನಿ ಚಳಿಯಲ್ಲಿ ದುಡಿಯೋ ಗೋದಾಮಿನ ಕೆಲಸಗಾರರಿಗೆ ಇಂಥ ಟೋಪಿ ಅಂಗಿ ಹೊಲಿಸ್ತಂತೆ. ಬೆಳಗಿನ ಜಾವ ಬೈಕಲ್ಲಿ ಸೇವಂತಿಗೆ ಮೂಟೆ ತರೋ ಹುಡುಗರನ್ನ ನೋಡಿದಾಗ ಅದು ನೆನಪಾಗುತ್ತೆ. ದುಡಿಯೋರ ಬಟ್ಟೆ ಇವತ್ತಿಗೂ ದುಡಿಯೋರ ಮೈಮೇಲಿದೆ.

ಅಂದಹಾಗೆ, ಒಗೆದ ಮೇಲೆ ನೆರಳಲ್ಲೇ ಒಣಹಾಕಿ. ನಮ್ಮೂರ ಬಿಸಿಲಿಗೆ ಕಪ್ಪು ಹೂಡಿ ಬೇಗ ಮಾಸುತ್ತೆ.